ಕಾರ್ಡಿನ ಬೀಗ

ಹನ್ನೊಂದು ವರ್ಷದ ಪುಟ್ಟ ಕ್ಯಾಮೆರಾ. ಬ್ಯಾಟರಿಯ ಮುಚ್ಚಳ ಸಡಿಲ,
ಸೊಂಟಕ್ಕೆ ರಬ್ಬರ್ ಬ್ಯಾಂಡು.
ನೆರಿಯೊ ಅದನ್ನು ಹದಿನೆಂಟು ಕಿಲೊ ಒಣಮೀನು ಕೊಟ್ಟು ತಂದ ದಿನ
ನಾನು ಅವನೊಡನೆ ಮಾತು ಬಿಟ್ಟೆ.
ಮರಕೈಬೊ ಸರೋವರದ ತೆಂಕಣ ಅಂಚಿನಲ್ಲಿ
ಕಂಬಗಳ ಮೇಲೆ ನಿಂತ ಮನೆ ನಮ್ಮದು.
ನೆಲವೆಂದರೆ ಹಲಗೆ, ಅಂಗಳವೆಂದರೆ ನೀರು,
ಪುಕ್ಕಟೆ ಸಿಗುವುದು ಮಿಂಚೊಂದೇ.

ಕಟಟುಂಬೊ ನದಿಯ ಬಾಯಿಯ ಮೇಲೆ
ರಾತ್ರಿ ರಾತ್ರಿ ಅದರ ಕುಣಿತ.
ಗುಡುಗು ಇಷ್ಟು ದೂರ ನಡೆದು ಬರುವುದಿಲ್ಲ.
ಇವನ ಬೆರಳು ಗುಂಡಿ ಮುಟ್ಟುವಷ್ಟರಲ್ಲಿ
ಅದು ಬಂದು, ಹೋಗಿ, ಇನ್ನೆಲ್ಲೋ ಹೊಳೆದಿರುತ್ತದೆ.
ಮೂರು ವಾರ ಬರೀ ಕತ್ತಲೆ ಹಿಡಿದು ತಂದ.

ಸಾಂತಾ ಬಾರ್ಬರಾದಲ್ಲಿ ಫೋನು ರಿಪೇರಿ ಮಾಡುವ ಯೊಲೈದಾ ಅಂದಳಂತೆ:
"ಕಂಪನಿ ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಬುದ್ಧಿ ಇದರ ತಲೆಯಲ್ಲಿದೆ.
ಅದನ್ನು ಎಬ್ಬಿಸುವ ತಂತ್ರಾಂಶ ಇದೆ. ಯಾರ್ಯಾರೋ ಕೂಡಿ ಬರೆದದ್ದು, ಕಾಸಿಲ್ಲ.
ಮೊದಲು ಇದರ ನಿಜವಾದ ಹೆಸರು ಕೇಳಬೇಕು."

ಹೆಸರು ಕೇಳುವುದು ಹೀಗೆ:
ಏನೂ ಬರೆಯದ ಒಂದು ಕಡತ, ಬರೀ ತಲೆಬರಹ,
ಕಾರ್ಡಿಗೆ ಹಾಕಿ, ಕಾರ್ಡನ್ನು ಒಳಗೆ ತುರುಕಿ
ಎರಡು ಗುಂಡಿ ಒಟ್ಟಿಗೆ ಒತ್ತಿದರೆ
ಇಷ್ಟು ವರ್ಷ ಯಾರೂ ಕೇಳದ್ದನ್ನು
ತಾನೇ ತೆರೆಯ ಮೇಲೆ ಒದರುತ್ತದೆ: ಒಂದು, ಸೊನ್ನೆ, ಒಂದು, ಸಿ.
ಆ ಕೊನೆಯ ಅಕ್ಷರ ತಪ್ಪಿದರೆ ಯಾರದೋ ಅಂಗಿ ತೊಟ್ಟ ಹಾಗೆ,
ತೋಳೇ ಏರುವುದಿಲ್ಲ.
ಖಾಲಿ ಹಾಳೆ ಮುಂದಿಟ್ಟರೆ ಬಾಯಿಬಿಡುವವರು
ಮನುಷ್ಯರಲ್ಲೂ ಇದ್ದಾರೆ. ನಾನು ಆ ಪೈಕಿ ಅಲ್ಲ.

ಮುಂದಿನದು ಇನ್ನೂ ಸೋಜಿಗ.
ಕಾರ್ಡಿನ ಬದಿಯಲ್ಲಿ ಉಗುರಿನಷ್ಟು ಬೀಗ;
ಅದನ್ನು ಹಾಕಿದರೇ ಒಳಗಿನದು ಎದ್ದು ಬರುವುದು,
ಹಾಕಿದ್ದರೂ ಚಿತ್ರ ಬರೆಯುವುದು.
"ಕಲ್ಲಾಗಿಬಿಟ್ಟರೆ?" ಎಂದೆ. ತಿಂಗಳಲ್ಲಿ ನನ್ನ ಮೊದಲ ಮಾತು.
"ಕ್ಯಾಮೆರಾದಲ್ಲಿ ಇದು ಏನೂ ಬದಲಿಸದು.
ಆರಿಸಿದೊಡನೆ ಎಲ್ಲ ಮರೆಯುತ್ತದೆ."
ಮರೆಯುವುದಾದರೆ ಇರಲಿ, ಅಂದೆ.

ಬ್ಯಾಟರಿ ಈಗ ಅಂಕಿಯಲ್ಲಿ: ಅರವತ್ತೊಂದು.
ಮೊದಲೆಲ್ಲ ತುಂಬಿದೆ, ತುಂಬಿದೆ ಎನ್ನುತ್ತಲೇ ಸಾಯುತ್ತಿತ್ತು.
ಕಿಟಕಿಯಾಚೆಯ ಲೋಕವನ್ನು ಚೌಕಚೌಕವಾಗಿ ಸೀಳಿ
ಯಾವ ಚೌಕ ಬೆಚ್ಚಿದರೂ ಕ್ಲಿಕ್.
ಬಿಸ್ಕತ್ತಿನ ಡಬ್ಬಿಯ ಮೇಲೆ ಅದನ್ನು ಕೂರಿಸಿ ಮಲಗಿದೆವು.
ಕ್ಲಿಕ್. ಕ್ಲಿಕ್ ಕ್ಲಿಕ್.
ಇಲಿ ಜೋಳ ಕಡಿದ ಹಾಗೆ, ಇರುಳಿಡೀ.

ಬೆಳಿಗ್ಗೆ ಇನ್ನೂರ ಏಳು ಚಿತ್ರ.
ಒಂದರಲ್ಲಿ ಮಿಂಚು, ಬೇರುಸಮೇತ ಕಿತ್ತ ಗಿಡದ ಹಾಗೆ.
ನೆರಿಯೊ ಕೂಗಿದ ಕೂಗಿಗೆ ಕೋಳಿಗಳು ಹೆದರಿದವು.
ಒಂದಷ್ಟರಲ್ಲಿ ಗಾಜಿನ ಮೇಲೆ ನಡೆದ ಹುಳ.
ನೂರ ನಲವತ್ತೆರಡರಲ್ಲಿ
ಎದುರುಮನೆಯ ಹೆರ್ವಾಸಿಯೊ,
ಮಾಡಿನ ಮೇಲೆ ಕುಕ್ಕರಗಾಲಲ್ಲಿ ಕೂತು
ತನ್ನದೇ ಮನೆಯ ತಗಡು ಕಳಚುತ್ತಿದ್ದಾನೆ.
ನೂರ ನಲವತ್ತಾರರಲ್ಲಿ ತಗಡಿಲ್ಲ.
ನೂರ ಐವತ್ತರಲ್ಲಿ ದೋಣಿ: ಹಾಸಿಗೆ, ಹೊಲಿಗೆ ಯಂತ್ರ,
ಕುರ್ಚಿಯಲ್ಲಿ ನೆಟ್ಟಗೆ ಅವನ ತಾಯಿ,
ಮುಖ ನಮ್ಮ ಕಿಟಕಿಯ ಕಡೆಗೆ.

ಹೂಳು ಏರಿ ದೋಣಿಯ ತಳ ಕೆರೆಯತೊಡಗಿದ ಮೇಲೆ
ಹನ್ನೆರಡು ಮನೆ ಹೋದವು.
"ಕೊನೆಗೆ ಹೊರಡುವವನು ನಾನು" ಎಂದು
ಎಲ್ಲರೆದುರು ಎದೆ ತಟ್ಟಿಕೊಂಡವನು ಇವನೇ.

ಕ್ಯಾಮೆರಾಕ್ಕೆ ಮಿಂಚೂ ಒಂದೇ, ಮಾನವೂ ಒಂದೇ. ಅಲುಗಿದ್ದು ಸಾಕು.
ನೆರಿಯೊ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ.
ತೆಗೆದ. ಮತ್ತೆ ಇಟ್ಟ.
ಕೊನೆಗೆ ಕ್ಯಾಮೆರಾವನ್ನೇ ಆರಿಸಿದ,
ಎಲ್ಲ ಮರೆತೀತು ಎಂಬಂತೆ.
ಮರೆತದ್ದು ತಂತ್ರಾಂಶವನ್ನು ಮಾತ್ರ.

ಆಚೆ ಒಂಬತ್ತು ಕಂಬ, ಮೇಲೆ ಆಕಾಶ,
ಬಾಗಿಲ ಚೌಕಟ್ಟಿನಲ್ಲಿ ಅವನ ಹೆಸರಿನ ಹಲಗೆ ಮಾತ್ರ ಹಾಗೇ.
ತಲೆಬರಹವುಳ್ಳ ಖಾಲಿ ಕಡತ.
ನೋಡುತ್ತ ನಿಂತವಳು, ಯಾರೂ ಕೇಳದಿದ್ದರೂ, ಅಂದುಬಿಟ್ಟೆ:
"ನಮ್ಮ ಮಾಡಿನ ಮೊಳೆ ತುಕ್ಕು ಹಿಡಿದಿವೆ.
ಈಗಿಂದಲೇ ಎಣ್ಣೆ ಬಿಡು."